ಅರವತ್ತೈದು ಕಿಲೋ

ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ರಾದೊಗೆ ಹೊಟ್ಟೆ ತುಂಬ ಊಟ ಇರಲಿಲ್ಲ.

ಮನೆಯಲ್ಲಿ ಉಣ್ಣುವುದಕ್ಕೆ ಬರವಿತ್ತು ಎಂದಲ್ಲ. ಹಿತ್ತಲಲ್ಲಿ ಟೊಮೆಟೊ, ಮೆಣಸಿನಕಾಯಿ, ಕೋಳಿಗೂಡು. ನೆಲಮಾಳಿಗೆಯಲ್ಲಿ ಹುಳಿ ಬರಿಸಿದ ಎಲೆಕೋಸಿನ ಪೀಪಾಯಿ. ಅಪ್ಪ ಕಾಮೆನ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಅಮ್ಮ ಜ್ಲಾತ್ಕಾ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದಳು. ಅಕ್ಕ ಇಸ್ಕ್ರಾ ಪೇಟೆಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಲ್ಲರೂ ಉಣ್ಣುತ್ತಿದ್ದರು, ರಾದೊ ಮಾತ್ರ ತೂಗಿಕೊಂಡು ತಿನ್ನುತ್ತಿದ್ದ. ಅವನು ಬಾಕ್ಸರ್. ಐವತ್ತೈದು ಕಿಲೋ ವಿಭಾಗ.

ಐವತ್ತೈದು ಎಂದು ತೀರ್ಮಾನಿಸಿದವನು ಕೋಚ್ ಗ್ರೋಜ್ದಾನ್. ಆ ತೂಕದಲ್ಲಿ ಸುತ್ತಮುತ್ತ ಗಟ್ಟಿ ಹುಡುಗರಿರಲಿಲ್ಲ, ಪದಕ ಸುಲಭ. ಹುಡುಗ ಬೆಳೆದ, ಭುಜ ಅಪ್ಪನ ಭುಜದಂತೆ ಅಗಲವಾಯಿತು, ತೂಕ ಮಾತ್ರ ಅಲ್ಲೇ ನಿಲ್ಲಬೇಕಾಗಿತ್ತು. ಹಾಗಾಗಿ ಮನೆಯಲ್ಲಿ ಎರಡು ಪಂಕ್ತಿ. ಮೊದಲು ರಾದೊ: ಬೇಯಿಸಿದ ಕೋಳಿ ಎದೆ ಒಂದು ತುಂಡು, ಸೌತೆಕಾಯಿ, ಅರ್ಧ ಲೋಟ ಮೊಸರು. ಅವನು ಎದ್ದು ಹೊರಗೆ ಹೋದ ಮೇಲೆ ಉಳಿದವರು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ಈಸ್ಟರಿನಂದು ಕೂಡ ಹಾಗೆಯೇ. ಅಜ್ಜಿ ನೆವೆನಾ ಆ ದಿನ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಸಿಹಿ ಬ್ರೆಡ್ಡು ಸುಡುತ್ತಿದ್ದಳು, ವಾಸನೆ ಅವನ ಕೋಣೆಗೆ ಹೋಗದಿರಲಿ ಎಂದು.

ಇಪ್ಪತ್ತೊಂದನೇ ವಯಸ್ಸಿನ ಶರತ್ಕಾಲದಲ್ಲಿ, ಒಂದು ಪಂದ್ಯದ ಹಿಂದಿನ ದಿನ ಅವನು ಪ್ಲಾಸ್ಟಿಕ್ ಅಂಗಿ ತೊಟ್ಟು ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆವರಿಳಿಸುತ್ತಿದ್ದವನು ಅಲ್ಲೇ ಪ್ರಜ್ಞೆ ತಪ್ಪಿದ. ಇಸ್ಕ್ರಾ ಬಾಗಿಲು ಒದ್ದು ಅವನನ್ನು ಹೊರಗೆ ಎಳೆದು ಹಾಕಿದಳು. ಮೂತ್ರಪಿಂಡ ಒಣಗುತ್ತಿದೆ, ಹೀಗೇ ಮಾಡಿದರೆ ಮೂವತ್ತಕ್ಕೆ ರಕ್ತ ಸೋಸುವ ಯಂತ್ರಕ್ಕೆ ಸಿಕ್ಕಿಸಬೇಕಾಗುತ್ತದೆ ಎಂದರು ಆಸ್ಪತ್ರೆಯವರು. ಮನೆಗೆ ಬಂದ ದಿನವೇ ರಾದೊ ಕೋಚನ ಎದುರು ಹೇಳಿಬಿಟ್ಟ.

"ಇನ್ನು ನಾನು ಅರವತ್ತೈದು."

"ಒಂದೇ ಏಟಿಗೆ ಎರಡು ಮೆಟ್ಟಿಲಾ?" ಅಂದ ಗ್ರೋಜ್ದಾನ್. "ಅಲ್ಲಿರೋರೆಲ್ಲ ಗೂಳಿಗಳು ಕಣೋ. ನಿನ್ನ ಮೂಳೆ ಎಣಿಸಿ ಕೈಗೆ ಕೊಡ್ತಾರೆ."

"ಕೊಡ್ಲಿ. ಊಟ ಮಾಡಿ ಹೊಡೆಸ್ಕೋತೀನಿ."

ಗ್ರೋಜ್ದಾನ್ ಟೋಪಿ ತೆಗೆದುಕೊಂಡು ಹೊರಟುಹೋದ. ಅಜ್ಜಿ ಅದೇ ದಿನ ತೂಕದ ತಕ್ಕಡಿಯನ್ನು ಅಡುಗೆಮನೆಯಿಂದ ಎತ್ತಿ ಕೋಳಿಗೂಡಿನ ಮೇಲಿಟ್ಟಳು. "ಏಳು ವರ್ಷ ನನ್ನ ಮೊಮ್ಮಗನ್ನ ಬೀದಿ ಬೆಕ್ಕಿನ ಥರ ಸಾಕಿದ್ರಿ. ಇನ್ಮೇಲೆ ಒಲೆ ಹತ್ರ ಯಾರೂ ಬರಬೇಡಿ."

ಆ ಚಳಿಗಾಲ ಆ ಮನೆ ಉಂಡದ್ದೇ ಉಂಡದ್ದು. ಹುಳಿ ಎಲೆಕೋಸಿನ ಜೊತೆ ಹಂದಿಮಾಂಸ, ಪುದೀನ ಹಾಕಿದ ಕಾಳಿನ ಸಾರು, ಹಿಟ್ಟಿನ ಪದರಗಳಲ್ಲಿ ಚೀಸು ತುಂಬಿ ಸುಟ್ಟ ಬಾನಿತ್ಸಾ. ರಾದೊ ಬ್ರೆಡ್ಡಿನಿಂದ ತಟ್ಟೆ ಒರೆಸಿ ಮತ್ತೆ ಮುಂದಕ್ಕೆ ಚಾಚುತ್ತಿದ್ದ. ಬೆಳಿಗ್ಗೆ ಓಟ, ಸಂಜೆ ಕಬ್ಬಿಣ ಎತ್ತುವುದು. ಗ್ರೋಜ್ದಾನನ ಕೈಬಿಟ್ಟು ರಾಜಧಾನಿ ಸೋಫಿಯಾದಲ್ಲಿ ಬೇರೊಬ್ಬ ಕೋಚನ ಹತ್ತಿರ ವಾರಕ್ಕೆರಡು ದಿನ ಹೋಗಿಬರತೊಡಗಿದ. ಹೊಸ ವರ್ಷಕ್ಕೆ ಅವನ ಅಂಗಿಯ ಬೆನ್ನು ಹರಿಯಿತು. ಅಮ್ಮ ಅದಕ್ಕೆ ಬಟ್ಟೆ ಕೊಟ್ಟು ಹೊಲಿದಳು, ತಿಂಗಳೊಳಗೆ ಮತ್ತೆ ಹರಿಯಿತು.

ವಸಂತದಲ್ಲಿ ರಾಷ್ಟ್ರೀಯ ಪಂದ್ಯ. ಅರವತ್ತೈದರ ಅಂತಿಮ ಹಣಾಹಣಿಯಲ್ಲಿ ರಾದೊ, ಮ್ಲಾದೆನ್ ಎಂಬ ಹಳೇ ಚಾಂಪಿಯನ್ನನ್ನು ಎರಡನೇ ಸುತ್ತಿಗೇ ಮಲಗಿಸಿದ. ಶರತ್ಕಾಲದ ಯುರೋಪಿಯನ್ ಪಂದ್ಯಾವಳಿಗೆ ಆ ತೂಕದ ಒಂದೇ ಒಂದು ಜಾಗ ಈಗ ಅವನದು. ಆ ವಾರವೆಲ್ಲ ಬೀದಿಯ ಜನ ಬಂದು ಅಪ್ಪ ಪ್ಲಮ್ ಹಣ್ಣಿನಿಂದ ಮನೆಯಲ್ಲೇ ಇಳಿಸಿದ ರಾಕಿಯಾ ಕುಡಿದು ಹೋದರು. ಮರುವಾರ ಮಾತು ಶುರುವಾಯಿತು.

ಮೊದಲು ತಮಾಷೆ. ಪಕ್ಕದ ಮನೆ ಪೆಂಕಾ ಬೇಲಿಯ ಮೇಲಿಂದ ಕೂಗಿದಳು: "ನೆವೆನಾ, ಅವನಿಗೆ ಹಾಕೋದ್ರಲ್ಲಿ ಒಂಚೂರು ನನ್ನ ಕೋಳಿಗೂ ಕೊಡೇ. ಮೊಟ್ಟೆ ಇಡೋದೇ ಬಿಟ್ಟಿವೆ."

"ಕಾಳಿನ ಸಾರು ಕಣೇ, ತಗೊಂಡು ಹೋಗು."

"ಕಾಳು ತಿಂದು ಹತ್ತು ಕಿಲೋ ಬರುತ್ತಾ? ನಾನೂ ಅರವತ್ತು ವರ್ಷದಿಂದ ತಿಂತಿದೀನಿ."

"ನೀನೇನು ಸಣ್ಣಗಿದೀಯಾ?"

ಆಮೇಲೆ ಔಷಧಿ ಅಂಗಡಿ. ಕೆಮ್ಮಿನ ಔಷಧಿಗೆ ಬಂದವರು ಗಲ್ಲೆಯ ಮೇಲೆ ಬಾಗಿ ಇಸ್ಕ್ರಾಳ ಕಿವಿಯಲ್ಲಿ, "ತಮ್ಮನಿಗೆ ಕೊಡ್ತೀಯಲ್ಲ, ಮೈ ಬೆಳೆಸೋ ಆ ಮದ್ದಿನ ಶೀಸೆ ಒಂದು ಕೊಡಮ್ಮ" ಎನ್ನತೊಡಗಿದರು. ಒಬ್ಬ ನಗುತ್ತ ಹೇಳಿದ, ಇನ್ನೊಬ್ಬ ನಗದೆ ಹೇಳಿದ. ಮ್ಲಾದೆನ್ ಎಲ್ಲೋ ಸಂದರ್ಶನ ಕೊಟ್ಟು, "ಒಂದು ಚಳಿಗಾಲದಲ್ಲಿ ಎರಡು ವಿಭಾಗ ದಾಟುವುದು ಹೇಗೆ ಎಂದು ನನಗೂ ಹೇಳಿಕೊಡಲಿ" ಎಂದ. ಊರಿನ ಪತ್ರಿಕೆಯವರು ಗ್ರೋಜ್ದಾನನನ್ನು ಕೇಳಿದರು. "ನನ್ನನ್ನ ಬಿಟ್ಟಾಗ ಅವನು ಐವತ್ತೈದು. ಆಮೇಲೆ ಏನು ತಿಂದ ಅಂತ ನನಗೆ ಗೊತ್ತಿಲ್ಲ" ಎಂದ ಗ್ರೋಜ್ದಾನ್. ಅಷ್ಟೇ. ಅದರಲ್ಲಿ ಸುಳ್ಳೊಂದೂ ಇರಲಿಲ್ಲ.

ಗೆದ್ದ ದಿನ ತೆಗೆದುಕೊಂಡ ಮೂತ್ರದಲ್ಲಿ ಏನೂ ಸಿಗಲಿಲ್ಲ ಎಂದು ಬೇಸಿಗೆಯಲ್ಲಿ ತಿಳಿಯಿತು. ಇಸ್ಕ್ರಾ ಅದನ್ನು ಅಂಗಡಿಯಲ್ಲಿ ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ಹೇಳಿದಳು.

"ಸಿಗಲಿಲ್ಲ ಅಂದ್ರೆ ಒಳ್ಳೇ ಮಾಲು ಅಂತ" ಅಂದ ಒಬ್ಬ, ಚಿಲ್ಲರೆ ಎಣಿಸಿಕೊಳ್ಳುತ್ತ.

ಹೊರಗಿನವರಿಗೆ ಉತ್ತರ ಕೊಡುತ್ತಿದ್ದ ಇಸ್ಕ್ರಾಳಿಗೆ ಒಳಗೆ ಅಷ್ಟು ಗಟ್ಟಿ ನಂಬಿಕೆ ಇರಲಿಲ್ಲ. ರಾದೊನ ಬೆನ್ನ ಮೇಲೆ ಗುಳ್ಳೆ ಎದ್ದಿದ್ದವು. ಸಣ್ಣದಕ್ಕೂ ಸಿಡುಕುತ್ತಿದ್ದ. ಅಂಗಡಿಯಲ್ಲಿ ಕೂತವಳಿಗೆ ಆ ಎರಡು ಲಕ್ಷಣ ಯಾವುದರ ಜೊತೆ ಬರುತ್ತವೆ ಎಂದು ಗೊತ್ತಿತ್ತು. ಒಂದು ಮಧ್ಯಾಹ್ನ ಅವನು ಸ್ನಾನಕ್ಕೆ ಹೋದಾಗ ಅವಳು ಅವನ ಅಭ್ಯಾಸದ ಚೀಲ ಬಿಚ್ಚಿದಳು. ಕೈಗವಸು, ಬೆವರು ಹಿಡಿದ ಪಟ್ಟಿ, ಹಗ್ಗ. ಅಡಿಯಲ್ಲಿ ಗಂಟು ಹಾಕಿದ ಒಂದು ಕಾಲುಚೀಲ, ಒಳಗೆ ಏನೋ ಗಟ್ಟಿಯಾದದ್ದು. ಬಿಚ್ಚಿದರೆ ಒಣಗಿದ ಬ್ರೆಡ್ಡಿನ ತುದಿಗಳು, ಸಕ್ಕರೆ ಗಟ್ಟಿ, ಅರ್ಧ ಕಚ್ಚಿ ಕಾಗದ ಸುತ್ತಿದ ಸಾಸೇಜು. ಹಸಿದಿದ್ದ ವರ್ಷಗಳಲ್ಲಿ ಕದ್ದಿಡುತ್ತಿದ್ದ ಅಭ್ಯಾಸ, ಹೊಟ್ಟೆ ತುಂಬಿದ ಮೇಲೂ ಹೋಗಿರಲಿಲ್ಲ.

ರಾದೊ ತಲೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

"ಸಿಕ್ತಾ?"

"ಬಟ್ಟೆ ಒಗೆಯೋಕೆ ಅಂತ..."

"ಸೂಜಿ ಹಾಸಿಗೆ ಕೆಳಗಿದೆ ಕಣೇ, ನೋಡ್ಕೋ. ಅಜ್ಜಿ ಹಿಟ್ಟಿನ ಡಬ್ಬಿಲೂ ನೋಡು." ಅವಳ ಕೈಯಿಂದ ಕಾಲುಚೀಲ ಕಿತ್ತುಕೊಂಡ. "ಪೆಂಕಾ ಹೇಳಿದ್ರೆ ಪೆಂಕಾ ಅಂತ ಬಿಡ್ತೀನಿ. ನೀನು?"

ಊಟಕ್ಕೆ ಕೂತಾಗಲೂ ಮುಖ ಗಂಟಿಕ್ಕಿಕೊಂಡೇ ಇದ್ದ. ಅಪ್ಪ ಕಾಮೆನ್ ಅದೇ ಹೊತ್ತು ನೋಡಿ, ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಹೊರಗೆ ಹಾಕಿದ.

"ನೋಡೋ, ನಾನು ನಿನ್ನಪ್ಪ. ತಗೊಂಡಿದ್ರೆ ಹೇಳಿಬಿಡು. ಯಾರ ಹತ್ರಾನೂ ಬಾಯಿ ಬಿಡಲ್ಲ."

ರಾದೊ ಎದ್ದು ಮೇಜಿನ ಮೇಲಿದ್ದ ಖಾಲಿ ಲೋಟ ತೆಗೆದು ಅಪ್ಪನ ತಟ್ಟೆಯ ಮುಂದೆ ಟಕ್ಕನೆ ಇಟ್ಟ. "ಇಲ್ಲೇ ತುಂಬಿಸ್ಲಾ? ನೀನೇ ಕುಡಿದು ನೋಡ್ತೀಯಾ?"

"ಊಟದ ಮುಂದೆ ಎಂಥಾ ಮಾತೋ!" ಅಂದಳು ಅಮ್ಮ.

"ಕೇಳಿದ್ದು ಎಂಥಾ ಮಾತು?"

"ಜನ ಕೇಳ್ತಾರೆ ಕಣೋ," ಅಂದ ಕಾಮೆನ್. "ಬಸ್ಸಲ್ಲಿ ಮೂರನೇ ಕ್ಲಾಸಿನ ಮಗು ಕೇಳುತ್ತೆ. ನಾನೇನು ಹೇಳ್ಲಿ?"

"ನನ್ನ ಮಗ ಏಳು ವರ್ಷ ಉಪವಾಸ ಇದ್ದ, ಈಗ ಉಣ್ತಿದಾನೆ ಅಂತ ಹೇಳು."

"ಅದನ್ನ ಯಾರು ನಂಬ್ತಾರೆ?"

ಅಜ್ಜಿ ಸೌಟಿನಿಂದ ಪಾತ್ರೆಯ ಅಂಚು ಬಡಿದಳು. "ನಾನು ಬೇಯಿಸಿದ್ದೀನಿ, ನಾನು ನಂಬ್ತೀನಿ. ತಟ್ಟೆ ಕೊಡು." ರಾದೊ ತಟ್ಟೆ ಕೊಡಲಿಲ್ಲ. ಆ ದಿನ ಮೊದಲ ಸಲ ಅವನ ಪಾಲು ಪಾತ್ರೆಯಲ್ಲೇ ಉಳಿಯಿತು.

ಬೇಸಿಗೆ ಮುಗಿಯುವಾಗ ಅವನ ಹೆಸರು ಯಾವಾಗ ಬೇಕಾದರೂ ಮದ್ದಿನ ಪರೀಕ್ಷೆ ಮಾಡಬಹುದಾದವರ ಸಾಲಿಗೆ ಸೇರಿತು. ಪ್ರತಿದಿನ ಯಾವುದಾದರೂ ಒಂದು ಗಂಟೆ ತಾನು ಎಲ್ಲಿರುತ್ತೇನೆಂದು ಮೊದಲೇ ತಿಳಿಸಬೇಕು, ಆ ಹೊತ್ತಿಗೆ ಅಲ್ಲಿರಬೇಕು. ರಾದೊ ಬೆಳಿಗ್ಗೆ ಆರರಿಂದ ಏಳು, ಮನೆ ಎಂದು ತಿಳಿಸಿದ. ಓಟಕ್ಕೆ ಹೊರಡುವುದು ಏಳರ ಮೇಲೆ, ಆ ಹೊತ್ತಿನಲ್ಲಿ ಹಾಸಿಗೆ ಬಿಟ್ಟು ಎಲ್ಲೂ ಹೋಗುವವನಲ್ಲ. ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದ: "ಪರೀಕ್ಷೆಯವರು ಬರಬಹುದು. ಬೇಗ ಬಾಗಿಲು ತೆಗೀರಿ, ಅಷ್ಟೇ."

"ಬರ್ಲಿ, ಡಾಕ್ಟರಿಗೆ ಕಾಫಿ ಮಾಡಿಕೊಡ್ತೀನಿ," ಅಂದಳು ಅಜ್ಜಿ. ಅವಳ ಲೆಕ್ಕದಲ್ಲಿ ಪರೀಕ್ಷೆ ಮಾಡುವವರು ಬಿಳಿ ಕೋಟು ಹಾಕಿರುತ್ತಾರೆ.

ವಾರಗಟ್ಟಲೆ ಯಾರೂ ಬರಲಿಲ್ಲ. ಅಷ್ಟರಲ್ಲಿ ರಾಕಿಯಾಕ್ಕೆಂದು ಪೀಪಾಯಿಯಲ್ಲಿ ಹಾಕಿಟ್ಟಿದ್ದ ಪ್ಲಮ್ ಹಣ್ಣು ಕೊಳೆತು ನೊರೆ ಎದ್ದಿತು.

ಆ ಬೀದಿಯಲ್ಲಿ ಪ್ರತಿ ಮನೆಗೂ ಒಂದು ಭಟ್ಟಿ ಇತ್ತು, ಅಬಕಾರಿಯವರಿಗೆ ತಿಳಿಸಿದ್ದು ಒಂದೂ ಇರಲಿಲ್ಲ. ಕಾಮೆನನ ತಾಮ್ರದ ಹಂಡೆ ಅವನ ಅಜ್ಜನ ಕಾಲದ್ದು, ಹಿತ್ತಲಲ್ಲಿ ಬೇಸಿಗೆಗೆಂದು ಕಟ್ಟಿದ್ದ ಸಣ್ಣ ಅಡುಗೆಮನೆಯಲ್ಲಿತ್ತು. ಭಟ್ಟಿ ಇಳಿಸುವ ದಿನಗಳಲ್ಲಿ ಕರೆಗಂಟೆಯ ತಂತಿ ಕಿತ್ತಿಡುವುದು ಅವನ ಪದ್ಧತಿ. "ಬಂದ್ರು" ಎಂಬ ಒಂದೇ ಮಾತಿಗೆ ಆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಚಿಕ್ಕಂದಿನಿಂದ ರೂಢಿಯಾಗಿತ್ತು. ಇಸ್ಕ್ರಾ ಒಲೆಯ ಮೇಲೆ ಮೆಣಸಿನಕಾಯಿ ಸುಡಬೇಕು, ಹೆಂಡದ ವಾಸನೆ ಮುಚ್ಚಿಹೋಗಲಿ ಎಂದು. ಅಮ್ಮ ಶೀಸೆಗಳನ್ನು ಒಗೆಯುವ ಬಟ್ಟೆಯ ಕೆಳಗಿಡಬೇಕು. ರಾದೊ ಹಂಡೆ ಹೊತ್ತು ಹಿಂದಿನ ಗೋಡೆ ಹಾರಿ ಪಾಳುತೋಟದ ಆಕ್ರೋಟು ಮರದ ಕೆಳಗೆ ಕೂರಬೇಕು, ಕರೆಯುವವರೆಗೂ ಬರಕೂಡದು. ಅಜ್ಜಿ ಗೇಟಿನಲ್ಲಿ ನಿಂತು ಸುಳ್ಳು ಹೇಳಬೇಕು.

ಅಕ್ಟೋಬರಿನ ಒಂದು ಬೆಳಿಗ್ಗೆ. ಕಾಮೆನ್ ನಡುರಾತ್ರಿಗೇ ಒಲೆ ಹೊತ್ತಿಸಿ, ಮೊದಲ ಇಳಿಕೆ ಇಳಿಸಿ, ಬೆಂಕಿ ಆರಿಸಿ ಹಂಡೆ ತಣ್ಣಗಾಗಲು ಬಿಟ್ಟಿದ್ದ. ಆರು ದಾಟಿತ್ತು. ಬೂದು ಬಣ್ಣದ ಕಾರೊಂದು ಗೇಟಿನ ಮುಂದೆ ನಿಂತಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಕೈಯಲ್ಲಿ ಗಟ್ಟಿ ಪೆಟ್ಟಿಗೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ.

"ಬಂದ್ರು!" ಅಂದ ಕಾಮೆನ್.

ಯಾರೂ ಯೋಚಿಸಲಿಲ್ಲ. ಇಸ್ಕ್ರಾ ಅರೆನಿದ್ದೆಯಲ್ಲೇ ಮೆಣಸಿನಕಾಯಿಯ ಬುಟ್ಟಿ ಒಲೆಯ ಮೇಲೆ ಸುರಿದಳು. ರಾದೊ ಚಡ್ಡಿಯಲ್ಲೇ ಎದ್ದು ಓಡಿದ. ಹಿಂದೆಲ್ಲ ಇಬ್ಬರು ಹಿಡಿದು ದಾಟಿಸುತ್ತಿದ್ದ ಹಂಡೆಯನ್ನು ಒಬ್ಬನೇ ಎತ್ತಿ ಆಚೆ ಇಳಿಸಿದ. ಕೊಳವೆಗೆಂದು ಮತ್ತೆ ಬಂದು ಮತ್ತೆ ಹಾರಿದ. ಕಾರು ಹೋಗಲಿಲ್ಲ. ಬೀದಿಯ ಆಚೆ ಬದಿಗೆ ಹೋಗಿ ನಿಂತಿತು. ಕಾಮೆನ್ ಪರದೆಯ ಸಂದಿಯಿಂದ ನೋಡುತ್ತ, "ಹೊಂಚು ಹಾಕ್ತಿದಾರೆ, ಯಾರೂ ಹೊರಗೆ ಬರಬೇಡಿ" ಎಂದ. ಏಳು ದಾಟಿದ ಮೇಲೆ ಕಾರು ಹೋಯಿತು.

ಅಜ್ಜಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು, ಮುಖದಲ್ಲಿ ಗೆದ್ದ ಕಳೆ.

"ಚೆನ್ನಾಗಿ ಬೆಪ್ಪು ಮಾಡಿ ಕಳಿಸಿದೆ. ಈ ಸಲ ಬಲು ಚಾಲಾಕಿಗಳು ಕಣೋ ಕಾಮೆನ್. ನಿನ್ನ ಹೆಸರು ಎತ್ತಲಿಲ್ಲ. ರಾದೊನ ಹೆಸರು ಹಿಡಿದು ಕೇಳಿದ್ರು."

ಒಲೆಯ ಮುಂದಿದ್ದ ಇಸ್ಕ್ರಾ ತಿರುಗಿದಳು. "ನೀನೇನಂದೆ ಅಜ್ಜಿ?"

"ಜರ್ಮನಿಗೆ ಹೋಗಿದಾನೆ ಅಂದೆ. ಪೆಂಕಾನೂ ಬೇಲಿ ಹತ್ರ ಬಂದು, ಹೌದು, ಬೇಸಿಗೆಯಿಂದ ಮುಖಾನೇ ನೋಡಿಲ್ಲ ಅಂದ್ಲು. ಎದುರುಮನೆ ಮುದುಕನೂ ಹಾಗೇ ಅಂದ. ಏನೇ ಆಗ್ಲಿ, ಬೀದಿ ಜನ ಒಳ್ಳೇರಪ್ಪ."

ರಾದೊ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿಗೆ ಕೆಸರು, ಎದೆಯ ಮೇಲೆ ಹಂಡೆಯ ಮಸಿ. ಗೋಡೆಯ ಗಡಿಯಾರ ನೋಡಿದ. ಮೆಣಸಿನಕಾಯಿ ಕರಕಲಾಗಿ ಎಲ್ಲರಿಗೂ ಕೆಮ್ಮು ಬಂದಿತ್ತು, ಯಾರೂ ಅದನ್ನು ಒಲೆಯಿಂದ ಇಳಿಸಲಿಲ್ಲ.

ಸೋಫಿಯಾದ ಬಾಕ್ಸಿಂಗ್ ಸಂಘದಿಂದ ಮಾರನೇ ದಿನವೇ ಫೋನು ಬಂತು. ಮನೆಯಲ್ಲಿರಲಿಲ್ಲ ಎಂದಿದ್ದರೆ ಒಂದು ಗೈರುಹಾಜರಿ, ಅಷ್ಟೇ, ಮೂರಾಗುವವರೆಗೆ ಶಿಕ್ಷೆಯಿಲ್ಲ. ಆದರೆ ಬಂದವರು ಬರೆದುಕೊಂಡು ಹೋದದ್ದು ಬೇರೆ: ಮನೆಯವರು, ನೆರೆಯವರು ಸೇರಿ ಸುಳ್ಳು ಹೇಳಿದರು, ಹಿಂದೆ ಪಾಳುತೋಟದ ಪಕ್ಕದ ಓಣಿಗೆ ಹೋಗಿ ನೋಡಿದಾಗ ಯುವಕನೊಬ್ಬ ಗೋಡೆ ಹಾರಿ ಓಡಿದ. ತಪ್ಪಿಸಿಕೊಂಡದ್ದಾದರೆ ನಾಲ್ಕು ವರ್ಷ ಆಟ ಬಂದ್. ಯಾಕೆ ಹಾಗಾಯಿತು ಎಂದು ಸಾಕ್ಷಿ ಸಮೇತ ಬರೆದು ಕೊಡಿ, ತಿಂಗಳ ಕೊನೆಗೆ ತಂಡ ತೀರ್ಮಾನವಾಗುತ್ತದೆ ಎಂದಿತು ಆ ದನಿ.

"ಬರೆದು ಕೊಡು," ಅಂದ ರಾದೊ ಅಪ್ಪನಿಗೆ. ಮೇಜಿನ ಮೇಲೆ ಸಾರು ಆರುತ್ತಿತ್ತು.

"ಏನಂತ?"

"ಭಟ್ಟಿ ಇತ್ತು, ಅಬಕಾರಿಯವರು ಅಂದ್ಕೊಂಡ್ವಿ ಅಂತ."

"ಶಾಲೆ ಮಕ್ಕಳ ಬಸ್ಸು ಓಡಿಸೋನ ಮನೇಲಿ ಕಳ್ಳಭಟ್ಟಿ ಅಂದ್ರೆ ಅವತ್ತೇ ಕೀಲಿ ಕಿತ್ಕೋತಾರೆ. ಆಮೇಲೆ ನಿನ್ನ ಹಂದಿಮಾಂಸಕ್ಕೆ ಯಾರು ದುಡಿದು ಹಾಕ್ತಾರೆ?"

"ನಾಲ್ಕು ವರ್ಷ ಅಪ್ಪ!"

"ಅದು ಆದ್ರೆ ತಾನೆ. ನೀನು ಏನೂ ತಗೊಂಡಿಲ್ವಲ್ಲ, ಇನ್ನೊಂದ್ಸಲ ಪರೀಕ್ಷೆ ಮಾಡಿ ಅನ್ನು."

"ಪರೀಕ್ಷೆ ಆಯ್ತು. ನೀನೇ ನಂಬಲಿಲ್ಲ."

ಇಸ್ಕ್ರಾ ಬೇಲಿ ದಾಟಿ ಪೆಂಕಾಳ ಮನೆಗೆ ಹೋದಳು. ಪೆಂಕಾ ಜಗಲಿಯಲ್ಲಿ ಕೂತು ಆಕ್ರೋಟು ಒಡೆಯುತ್ತಿದ್ದಳು.

"ನೀವು ಅವತ್ತು ಸುಳ್ಳು ಹೇಳಿದ್ದು ಯಾಕೆ ಅಂತ ಎರಡು ಸಾಲು ಬರೆದುಕೊಡಿ ಪೆಂಕಾ ಚಿಕ್ಕಮ್ಮ."

"ನಿಮ್ಮ ಒಳ್ಳೇದಕ್ಕೆ ಹೇಳ್ದೆ ಕಣೇ."

"ಅದನ್ನೇ ಬರೀರಿ."

"ಬರೆದ್ರೆ ಪಕ್ಕದ ಮನೇಲಿ ಏನಿದೆ ಅಂತ ಕೇಳಲ್ವಾ? ನನ್ನ ಹಂಡೆ ನಿಮ್ಮದಕ್ಕಿಂತ ದೊಡ್ಡದು." ಇನ್ನೊಂದು ಆಕ್ರೋಟು ಒಡೆದು ದನಿ ತಗ್ಗಿಸಿದಳು. "ಒಂದು ಮಾತು. ಮದ್ದು ತಗೊಂಡಿಲ್ದಿದ್ರೆ ಅವನು ಗೋಡೆ ಯಾಕೆ ಹಾರಿದ?"

"ಭಟ್ಟಿ ಹೊತ್ಕೊಂಡು ಹಾರಿದ್ದನ್ನ ನೀವೇ ನೋಡಿದ್ರಲ್ಲ!"

"ನೋಡ್ದೆ," ಅಂದಳು ಪೆಂಕಾ. "ಆದ್ರೂ."

ಹೀಗೇ ಒಂದು ವಾರ ಕಳೆಯಿತು. ಆ ಶನಿವಾರ ಅಜ್ಜಿ ಚರ್ಚಿಗೆ ಹೋಗುವ ಕಪ್ಪು ಕೋಟು ಹಾಕಿಕೊಂಡು ಇಸ್ಕ್ರಾಳ ಮುಂದೆ ಬಂದು ನಿಂತಳು. "ನಡಿ, ಠಾಣೆಗೆ. ಹಂಡೆ ನನ್ನದು, ಸುಳ್ಳೂ ನನ್ನದು. ನಿಮ್ಮಪ್ಪನ ಹೆಸರು ಎತ್ತೋದು ಬೇಡ."

ಕಾಮೆನ್ ಅಂಗಳದಲ್ಲಿ ಬಸ್ಸಿನ ಗಾಜು ಒರೆಸುತ್ತಿದ್ದ. ಕೇಳಿಸಿತು. ಒರೆಸುತ್ತಲೇ ಇದ್ದ.

ಠಾಣೆಯಲ್ಲಿದ್ದವನು ವೆಲ್ಕೊ ಎಂಬ ಪೊಲೀಸಿನವನು, ಅಜ್ಜಿ ಅವನನ್ನು ಚಿಕ್ಕಂದಿನಿಂದ ಬಲ್ಲಳು. ಅವನು ಪೆನ್ನು ಕೆಳಗಿಟ್ಟುಬಿಟ್ಟ.

"ಅಜ್ಜಿ, ನೀವು ಹೇಳಿದ್ದು ನನಗೆ ಕೇಳಿಸ್ಲೇ ಇಲ್ಲ. ಮನೆಗೆ ಹೋಗಿ."

"ಬರ್ಕೊಳೋ."

"ಬರ್ಕೊಂಡ್ರೆ ನನ್ನ ತಂಗಿ ಮದುವೆಗೆ ಕೊಟ್ರಲ್ಲ, ಅದನ್ನೂ ಬರ್ಕೋಬೇಕಾಗುತ್ತೆ."

"ಅದನ್ನೂ ಬರ್ಕೋ. ಚೆನ್ನಾಗಿತ್ತು ಅಂತಾನೂ ಬರ್ಕೋ."

"ನಮ್ಮ ಹುಡುಗ ಮದ್ದಿಗೆ ಹೆದರಿ ಓಡಿದ್ದಲ್ಲ ಅನ್ನೋದಕ್ಕೆ ಇದೊಂದೇ ಸಾಕ್ಷಿ," ಅಂದಳು ಇಸ್ಕ್ರಾ.

ವೆಲ್ಕೊ ಮೂಗು ತಿಕ್ಕಿಕೊಂಡ. "ಅಂದ್ರೆ ಅವನು ನಿಜವಾಗ್ಲೂ ತಗೊಂಡಿಲ್ವಾ?"

ಸೋಮವಾರ ಬನ್ನಿ, ಮೇಲಿನವರು ಇರುತ್ತಾರೆ ಎಂದ. ಸೋಮವಾರ ಹೋದರೆ ಬುಧವಾರ ಎಂದ. ಬುಧವಾರ ಅಜ್ಜಿ ಮನೆಯಿಂದ ಬ್ರೆಡ್ಡು, ಉಪ್ಪು ಚೀಸು ಕಟ್ಟಿಕೊಂಡು ಹೋಗಿ ಠಾಣೆಯ ಬೆಂಚಿನ ಮೇಲೆ ಕೂತುಬಿಟ್ಟಳು, ಬರೆದುಕೊಳ್ಳದೆ ಏಳುವುದಿಲ್ಲ ಎಂದು. ಮಧ್ಯಾಹ್ನಕ್ಕೆ ಬರೆದುಕೊಂಡರು. ಮರುದಿನ ನಿಜವಾದ ಅಬಕಾರಿಯವರು ಬಂದರು. ಈ ಸಲ ಯಾರೂ "ಬಂದ್ರು" ಎನ್ನಲಿಲ್ಲ. ಹಂಡೆಯನ್ನು ರಾದೊನೇ ಎತ್ತಿ ಅವರ ಗಾಡಿಗೆ ಹಾಕಿದ. ಕೇಸು ಅಜ್ಜಿಯ ಹೆಸರಿಗಾಯಿತು, ಕಾಮೆನನ ಬಸ್ಸು ಉಳಿಯಿತು. ಇಳಿಸಿಟ್ಟಿದ್ದ ರಾಕಿಯಾವನ್ನು ಹಿತ್ತಲಲ್ಲೇ ಚೆಲ್ಲಿದರು. ಕೋಳಿಗಳು ಸಂಜೆಯವರೆಗೆ ಓಲಾಡಿದವು. ಪೆಂಕಾ ಬೇಲಿಯ ಆಚೆಯಿಂದ, "ಬೀದಿಗೆ ಬೆಂಕಿ ಇಟ್ರಿ!" ಎಂದು ಕೂಗಿ ಕಿಟಕಿ ಮುಚ್ಚಿದಳು. ಅವಳ ಹಂಡೆ ಅಷ್ಟು ಹೊತ್ತಿಗಾಗಲೇ ಬೇರೆ ಊರು ಸೇರಿತ್ತು. ಆಮೇಲೆ ಅವಳು ಮಾತು ಬಿಟ್ಟಳು, ಬೀದಿಯೂ ಬಿಟ್ಟಿತು.

ಠಾಣೆಯ ಬರಹ ಸೋಫಿಯಾ ತಲುಪಿತು. ಅವರು ಓದಿದರು, ಒಪ್ಪಿದರು ಕೂಡ. ತಪ್ಪಿಸಿಕೊಂಡದ್ದಲ್ಲ, ಬರೀ ಗೈರುಹಾಜರಿ ಎಂದು ತೀರ್ಮಾನಿಸಿದರು. ಅದನ್ನು ತಿಳಿಸಲು ಫೋನು ಮಾಡಿದವನು ಕೊನೆಗೆ, "ತಂಡದ ಆಯ್ಕೆ ಕಳೆದ ಶುಕ್ರವಾರ ಮುಗಿದುಹೋಯ್ತಪ್ಪ. ಅರವತ್ತೈದಕ್ಕೆ ಮ್ಲಾದೆನ್ ಹೋಗ್ತಾನೆ. ಮುಂದಿನ ವರ್ಷ ನೋಡೋಣ" ಎಂದ.

"ನಾನು ತಪ್ಪಿತಸ್ಥ ಅಲ್ಲ ಅಂದ್ರಲ್ಲ?"

"ಅಲ್ಲವೇ ಅಲ್ಲ. ಆದ್ರೆ ಮಾತು ತಣ್ಣಗಾಗಬೇಕಲ್ವಾ."

ರಾದೊ ಫೋನನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಮೆಲ್ಲಗೆ ಇಟ್ಟ. ಎಸೆದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಇಸ್ಕ್ರಾಳಿಗೆ.

ಮಾತು ತಣ್ಣಗಾಗಲಿಲ್ಲ. ಭಟ್ಟಿಯ ಕತೆ ಮಾಡಿ ಮದ್ದನ್ನು ಮುಚ್ಚಿಹಾಕಿದರು, ಬಲು ಬುದ್ಧಿವಂತರು ಎಂದಿತು ಪೇಟೆ. ಔಷಧಿ ಅಂಗಡಿಯ ಯಜಮಾನ ಇಸ್ಕ್ರಾಳನ್ನು ಮೊದಲು ಗಲ್ಲೆಯಿಂದ ಹಿಂದಿನ ಉಗ್ರಾಣಕ್ಕೆ ಕಳಿಸಿದ, ಕ್ರಿಸ್‌ಮಸ್ಸಿಗೆ ಮೊದಲು ಮನೆಗೇ ಕಳಿಸಿದ. "ನಿನ್ನ ಮೇಲೆ ನನಗೆ ಅನುಮಾನ ಇಲ್ಲಮ್ಮ. ಗಿರಾಕಿಗಳ ಬಾಯಿ ಮುಚ್ಚೋಕಾಗುತ್ತಾ?"

ಅದೇ ಕ್ರಿಸ್‌ಮಸ್ಸಿನ ಹಿಂದಿನ ದಿನದ ಊಟ. ಮೇಜಿನ ಮೇಲೆ ಕಾಳು, ಎಲೆಕೋಸಿನ ಸುರುಳಿ, ಒಣಹಣ್ಣಿನ ರಸ, ಅಜ್ಜಿ ಸುಟ್ಟ ದುಂಡು ಬ್ರೆಡ್ಡು. ಕಾಮೆನ್ ಬ್ರೆಡ್ಡು ಮುರಿದು ಎಲ್ಲರಿಗೂ ಒಂದೊಂದು ತುಂಡು ಕೊಟ್ಟ. ರಾದೊ ತನ್ನದನ್ನು ತಟ್ಟೆಯ ಅಂಚಿಗೆ ಸರಿಸಿದ.

"ನಾನು ಐವತ್ತೈದಕ್ಕೆ ವಾಪಸ್ಸು ಹೋಗ್ತೀನಿ."

"ಹುಚ್ಚಾ ನಿನಗೆ?" ಅಂದಳು ಅಮ್ಮ. "ಡಾಕ್ಟರು ಹೇಳಿದ್ದು ಮರೆತ್ಯಾ?"

"ಕೆಳಗೆ ಇಳಿಯೋನ್ನ ಯಾರೂ ಮದ್ದು ತಗೊಂಡ ಅನ್ನಲ್ಲ."

"ಅಂದ್ಕೊಳ್ಳಿ ಬಿಡೋ," ಅಂದಳು ಇಸ್ಕ್ರಾ. "ನೀನು ತಗೊಂಡಿಲ್ಲ ಅಂತ ನಮಗೆ ಗೊತ್ತು."

"ನಿನಗೆ ಯಾವಾಗಿಂದ ಗೊತ್ತು? ಚೀಲ ನೋಡಿದ ಮೇಲಾ?"

ಅಜ್ಜಿ ಅಪ್ಪನ ಕಡೆ ನೋಡಿದಳು. ಕಾಮೆನ್ ಎಲೆಕೋಸಿನ ಸುರುಳಿ ಬಿಡಿಸುತ್ತ, "ಅವನಿಷ್ಟ" ಎಂದ.

ಗ್ರೋಜ್ದಾನ್ ಅವನನ್ನು ಬಾಗಿಲಲ್ಲೇ ತಬ್ಬಿಕೊಂಡ. "ಈಗ ದಾರಿಗೆ ಬಂದೆ ನೋಡು. ನಾನು ಮೊದಲೇ ಹೇಳಿರಲಿಲ್ವಾ?" ತಕ್ಕಡಿ ಕೋಳಿಗೂಡಿನ ಮೇಲಿಂದ ಇಳಿದು ಒಳಗೆ ಬಂತು. ಅಮ್ಮ ಅದಕ್ಕಂಟಿದ್ದ ಕೋಳಿ ಹಿಕ್ಕೆಯನ್ನು ಬಿಸಿನೀರಲ್ಲಿ ಉಜ್ಜಿ ತೊಳೆದಳು. ಮನೆಯಲ್ಲಿ ಮತ್ತೆ ಎರಡು ಪಂಕ್ತಿ. ಅಜ್ಜಿ ಕಿಟಕಿ ತೆರೆದಿಟ್ಟುಕೊಂಡು ಅಡುಗೆ ಮಾಡತೊಡಗಿದಳು, ಹೊರಗೆ ಹಿಮ ಬೀಳುತ್ತಿದ್ದರೂ. ರಾದೊನ ಕೆನ್ನೆ ಒಳಗೆ ಹೋಯಿತು. ಹೊಲಿದು ಹೊಲಿದು ಅಗಲ ಮಾಡಿದ್ದ ಅಂಗಿ ಈಗ ಗೂಟಕ್ಕೆ ಹಾಕಿದಂತೆ ಅವನ ಮೇಲೆ ಜೋತಾಡುತ್ತಿತ್ತು. ವಸಂತದಲ್ಲಿ ಮತ್ತೆ ರಾಷ್ಟ್ರೀಯ ಪಂದ್ಯ ಬಂತು, ಆ ವಾರ ಅವನು ನೀರನ್ನೂ ಬಿಟ್ಟ. ಸೋಫಿಯಾದ ಬಸ್ಸು ಹತ್ತುವವರೆಗೂ ಒಂದು ಶೀಸೆ ಹಿಡಿದು ಅದಕ್ಕೆ ಉಗುಳುತ್ತಿದ್ದ, ಇನ್ನೊಂದಿಷ್ಟು ಗ್ರಾಂ ಇಳಿಯಲಿ ಎಂದು.

ತಕ್ಕಡಿಯ ಮೇಲೆ ಸರಿಯಾಗಿ ಐವತ್ತೈದು ಬಂತು. ಮೊದಲ ಪಂದ್ಯದಲ್ಲೇ, ಹೆಸರೂ ಕೇಳಿರದ ಹತ್ತೊಂಬತ್ತರ ಹುಡುಗನೊಬ್ಬ ಅವನನ್ನು ಹಗ್ಗಕ್ಕೆ ಒತ್ತಿ ಹೊಡೆದ. ರಾದೊನ ಕೈ ಏಳುತ್ತಿರಲಿಲ್ಲ. ರೆಫ್ರಿ ನಿಲ್ಲಿಸಿದ.

ಮರುದಿನ ಇಸ್ಕ್ರಾ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಮುಂದೆ ಪೆಂಕಾ ಇದ್ದಳು, ಬೆನ್ನು ಮಾಡಿಕೊಂಡು. ಗಲ್ಲೆಯವಳ ಜೊತೆ ಮಾತಾಡುತ್ತಿದ್ದಳು, ಹಿಂದಿನವರಿಗೂ ಕೇಳುವಷ್ಟು ಗಟ್ಟಿಯಾಗಿ.

"ನಾನು ಅವತ್ತೇ ಹೇಳಿರಲಿಲ್ವಾ? ಸೂಜಿ ನಿಲ್ಲಿಸಿದ, ಬಲೂನಿನ ಥರ ಇಳಿದುಹೋದ. ಇನ್ನೇನು ಸಾಕ್ಷಿ ಬೇಕು?"

ಇಸ್ಕ್ರಾ ಎರಡು ಬ್ರೆಡ್ಡು ಕೊಂಡು ಮನೆಗೆ ಬಂದಳು. ರಾದೊ ಅಡುಗೆಮನೆಯಲ್ಲಿ ಕೂತಿದ್ದ, ಒಂದು ಕಣ್ಣು ಮುಚ್ಚಿಹೋಗಿತ್ತು. ಅಜ್ಜಿ ಸಾರಿನ ತಟ್ಟೆ ಮುಂದಿಟ್ಟಿದ್ದಳು. ಅವನು ಚಮಚ ಹಿಡಿದುಕೊಂಡೇ ಇದ್ದ, ತಿನ್ನುತ್ತಿರಲಿಲ್ಲ.

"ಏನಂತಾರೆ?" ಎಂದ.

"ಏನಿಲ್ಲ. ತಿನ್ನು."

ಆ ಮನೆಯಿಂದ ಒಂದೂವರೆ ವರ್ಷದಲ್ಲಿ ಹೋದದ್ದು ಇಷ್ಟು: ಯುರೋಪಿಗೆ ಹೋಗುವ ಒಂದು ಜಾಗ, ಒಂದು ತಾಮ್ರದ ಹಂಡೆ, ಒಂದು ಕೆಲಸ, ಒಂದು ಬೀದಿಯ ಮಾತುಕತೆ, ಹತ್ತು ಕಿಲೋ.